ಕಿವಿಗೆ ಕೌದಿ ಹೊಚ್ಚಿದ ಪೇಟಿ ಮಾಸ್ತರ

ಪರಶುರಾಮ ಬಡಿಗೇರ ಕಿವುಡನಾದ ಎಂಬ ಸುದ್ದಿಯನ್ನು ಕೊಣ್ಣೂರಿನಲ್ಲಿ ಮೊದಲು ಹಬ್ಬಿಸಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ. ನನ್ನ ಹೆಸರು ಅನ್ನಪೂರ್ಣಾ, ನನ್ನದು ಹಿಟ್ಟಿನ ಗಿರಣಿ. ಗಿರಣಿಯಲ್ಲಿ ಯಾವ ಮಾತನ್ನೂ ಮೆಲ್ಲಗೆ ಆಡಲು ಬರುವುದಿಲ್ಲ. ಉಳ್ಳಾಗಡ್ಡಿ ತುಟ್ಟಿಯಾಯಿತು ಎಂಬುದನ್ನೂ ಕಿರುಚಿಯೇ ಹೇಳಬೇಕು. ಗುಟ್ಟನ್ನಂತೂ ಇನ್ನಷ್ಟು ಕಿರುಚಬೇಕು, ಏಕೆಂದರೆ ಗುಟ್ಟು ಕೇಳುವವರು ಅದರಲ್ಲಿ ಒಂದಕ್ಷರವನ್ನೂ ಬಿಡಲು ಒಪ್ಪುವುದಿಲ್ಲ.

ಪರಶಣ್ಣ ನಮ್ಮ ಬಾಜೂ ಮನೆಯವನು. ವಯಸ್ಸು ಅರವತ್ತೆರಡರ ಆಸುಪಾಸು. ಎದುರಿಗೆ ‘ರೀ’ ಹಚ್ಚಿ ಮಾತಾಡಿಸುತ್ತೇನೆ, ಬೆನ್ನ ಹಿಂದೆ ಏಕವಚನ. ಪ್ರೀತಿ ಇದ್ದಲ್ಲಿ ನಮ್ಮ ಕಡೆಯ ಪದ್ಧತಿಯೇ ಹಾಗೆ. ಬಡಿಗರ ಮನೆಯಲ್ಲಿ ಹುಟ್ಟಿದವನು ಹರೆಯದಲ್ಲಿ ನೇಗಿಲು, ಕೂರಿಗೆ, ಬಾಗಿಲ ಚೌಕಟ್ಟು ಮಾಡಿಕೊಂಡಿದ್ದ. ಒಮ್ಮೆ ಊರಿಗೆ ಬಂದ ನಾಟಕ ಕಂಪನಿಯ ಪೇಟಿ, ಅಂದರೆ ಹಾರ್ಮೋನಿಯಂ, ಆಟದ ದಿನವೇ ಉಸಿರು ಬಿಟ್ಟಿತಂತೆ. ಕಟ್ಟಿಗೆಯ ಸಾಮಾನು ತಾನೇ ಎಂದು ಇವನನ್ನು ಕರೆಸಿದರು. ಬಿಚ್ಚಿ ನೋಡಿದವನು ಒಳಗೆ ಸಾಲಾಗಿ ಕುಳಿತ ಹಿತ್ತಾಳೆ ಪತ್ತಿಗಳನ್ನು ಕಂಡು ಅಲ್ಲೇ ಮರುಳಾದ. ಆ ಪತ್ತಿಗಳು ನಡುಗಿದರೇ ಸ್ವರ. ಅಂದಿನಿಂದ ನೇಗಿಲು ಮುಟ್ಟಲಿಲ್ಲ. ಹುಕ್ಕೇರಿಯಿಂದ ಮೂಡಲಗಿಯವರೆಗೆ ಯಾವ ಭಜನಾ ಮಂಡಳಿಯ ಪೇಟಿ ಕೆಮ್ಮಿದರೂ ಅದು ಇವನ ಕಟ್ಟೆಗೇ ಬರಬೇಕು ಎನ್ನುವ ಮಟ್ಟಿಗೆ ಹೆಸರಾಯಿತು.

ಅವನ ಕೈ ಚುರುಕು ಖರೆ, ಆದರೆ ಅನ್ನ ಹಾಕುವುದು ಕಿವಿ. ಹೆಂಡತಿ ಗೌರವ್ವ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಅವಳ ಮನಸ್ಸು ಇವತ್ತು ಹೇಗಿದೆ ಎಂದು ತಿಳಿದುಕೊಳ್ಳುತ್ತಿದ್ದ. ಸರಿಯಿಲ್ಲದಿದ್ದರೆ ಹಿತ್ತಿಲ ಬಾಗಿಲಿನಿಂದ ಹೊರಬೀಳುತ್ತಿದ್ದ. ನನ್ನ ಗಿರಣಿಯ ಕಲ್ಲು ಸವೆದದ್ದನ್ನು ನನಗಿಂತ ಎಂಟು ದಿನ ಮೊದಲೇ ಹೇಳುತ್ತಿದ್ದ. ಗಿರಣಿಯ ಸದ್ದಿನ ಬಗ್ಗೆ ಮಾತ್ರ ಎಂದೂ ತಕರಾರು ಮಾಡಲಿಲ್ಲ. ಮಾಡಲು ಏನಿದೆ? ಗಿರಣಿಯದು ಸದ್ದಲ್ಲ, ಊರ ಹೊಟ್ಟೆಯ ದನಿ. ಗೋಕಾಕದಲ್ಲಿ ಕಾಲೇಜು ಓದುವ ನನ್ನ ಮಗಳು ಸುಮನ್ ಇದನ್ನು ಒಪ್ಪುವುದಿಲ್ಲ. ನಿನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ನಿನಗೆ ಪಕ್ಕದ ಎಲೆಯ ನೊಣವೇ ಕಾಣುತ್ತದೆ ಅನ್ನುತ್ತಾಳೆ. ಓದಿದವರ ಮಾತು, ಬಿಡಿ.

ಕೇಡು ಬಂದದ್ದು ಕಳೆದ ದಸರೆ ಮುಗಿದ ಮೇಲೆ. ಪರಶಣ್ಣನ ಆಚೆ ಬಾಜೂ ಖಾಲಿ ಬಿದ್ದಿದ್ದ ಮಳಿಗೆಗೆ ಅರ್ಜುನ ಬಂದ. ಇಪ್ಪತ್ತಾರರ ಗಂಡಸು, ಲಗ್ನದ ಮಾತು ನಡೆದಿತ್ತು. ಅವನದು ಟ್ರ್ಯಾಕ್ಟರುಗಳಿಗೆ ಸೌಂಡ್ ಡಬ್ಬಿ ಕೂಡಿಸುವ ಅಂಗಡಿ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋಡದವರಿಗಾಗಿ ಹೇಳುತ್ತೇನೆ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನಲ್ಲಿ ಡ್ರೈವರನ ತಲೆಯ ಮೇಲೆ, ಬೆನ್ನ ಹಿಂದೆ, ಎರಡೂ ಮಡ್‌ಗಾರ್ಡಿನ ಮೇಲೆ ಡಬ್ಬಿಗಳು ಇರಬೇಕು. ಹಾಡು ತಿಳಿಯದಿದ್ದರೂ ನಡೆಯುತ್ತದೆ, ಧಿಡ್ ಧಿಡ್ ಎಂಬುದು ಎದೆಗೆ ಗುದ್ದಬೇಕು. ಯಾರ ಟ್ರ್ಯಾಕ್ಟರು ಹಾಯ್ದುಹೋದಾಗ ಮನೆಗಳ ಮೇಲಿನ ತಗಡು, ನಮ್ಮ ಮಾತಿನ ಪತ್ರಾಸು, ಕುಣಿಯುತ್ತದೋ ಅವನೇ ಗಂಡು.

ಡಬ್ಬಿ ಕೂಡಿಸಿದ ಮೇಲೆ ಬಾರಿಸಿ ನೋಡಲೇಬೇಕು. ದಿನಕ್ಕೆ ನಾಲ್ಕು ಟ್ರ್ಯಾಕ್ಟರು ಬಂದರೆ ನಾಲ್ಕು ಸಲ, ಒಂದೊಂದು ಸಲ ಒಂದೊಂದು ತಾಸು. ಮೊದಲ ದಿನವೇ ಗೌರವ್ವನ ಮನೆಯ ಗೋಡೆಗೂಡಿನಲ್ಲಿ, ಅಂದರೆ ಮಾಡದಲ್ಲಿದ್ದ ಕುಂಕುಮದ ಭರಣಿ ಒಂದೊಂದೇ ಹೆಜ್ಜೆ ಇಟ್ಟು ಅಂಚಿಗೆ ಬಂದು ಕೆಳಗೆ ಹಾರಿಕೊಂಡಿತು. ಎರಡನೆಯ ದಿನ ಪರಶಣ್ಣ ಒಂದು ಪತ್ತಿಯನ್ನು ಅರ ಹಾಕಿ ಉಜ್ಜುತ್ತಿದ್ದಾಗ ಧಿಡ್ ಧಿಡ್ ಶುರುವಾಗಿ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಪತ್ತಿಯೇ ಹಾಳಾಯಿತು. ಎದ್ದು ಹೋಗಿ ಅರ್ಜುನನಿಗೆ ಹೇಳಿದ. ಅರ್ಜುನ ಕೈ ಮುಗಿದ.

“ಆತ್ರಿ ಕಾಕಾ, ಸಣ್ಣ ಮಾಡ್ತೇನಿ.” ಗುಂಡಿ ಎಳ್ಳಷ್ಟು ತಿರುಗಿಸಿದ. “ಈಗ ನೋಡ್ರಿ, ನನಗ ಕೇಳಸೂದ ಇಲ್ಲ, ಅಷ್ಟ ಸಣ್ಣ ಆತು.”

ಪತ್ರಾಸು ಮಾತ್ರ ಕುಣಿಯುತ್ತಲೇ ಇತ್ತು. ಇದೆಂಥ ಉದ್ಧಟತನ ಎಂದು ನಾವೆಲ್ಲ ಒಳಗೇ ಅಂದುಕೊಂಡೆವು. ಜಗಳ ತೆಗೆಯಲು ಬರುವ ಹಾಗಿಲ್ಲ, ಏಕೆಂದರೆ ಅರ್ಜುನ ಬಲು ಒಳ್ಳೆಯವನು. ಗೌರವ್ವನ ಕೊಡ ಕಂಡರೆ ತಾನೇ ಹೊತ್ತು ತರುತ್ತಾನೆ, ನನ್ನ ಗಿರಣಿಯ ಬೆಲ್ಟ್ ಹರಿದರೆ ಉಣ್ಣುವುದನ್ನು ಬಿಟ್ಟು ಬರುತ್ತಾನೆ. ಕೆಟ್ಟವನ ಸದ್ದಾಗಿದ್ದರೆ ಬೈದು ಬಿಡಿಸಬಹುದಿತ್ತು. ಒಳ್ಳೆಯವನ ಸದ್ದಿಗೆ ಔಷಧವಿಲ್ಲ. ಅಂಗಡಿ ಮುಚ್ಚಿಸಲಾಗದವನು ಕಿವಿಯನ್ನೇ ಮುಚ್ಚಿಕೊಳ್ಳಬೇಕು ಎಂದು ಪರಶಣ್ಣ ತೀರ್ಮಾನಿಸಿದ.

ಮೊದಲು ಅರಳೆ ತುರುಕಿಕೊಂಡ. ಧಿಡ್ ಎನ್ನುವುದು ಕಿವಿಯಿಂದ ಬಾರದೆ ಪಕ್ಕೆಲುಬಿನಿಂದ ಬಂತು. ಆಮೇಲೆ ಗೋಧಿ ಕಣಕದ ಎರಡು ಗುಳಿಗೆ ಮಾಡಿ ಕಿವಿಗೆ ಒತ್ತಿಕೊಂಡ. ಇದು ಚೆನ್ನಾಗಿ ಕೂತಿತು, ಆದರೆ ಗೌರವ್ವ ಬೆಲ್ಲದ ಹೂರಣ ಹತ್ತಿದ ಹೋಳಿಗೆಯ ಕಣಕವನ್ನೇ ಕೊಟ್ಟಿದ್ದಳು. ಮಧ್ಯಾಹ್ನ ಒರಗಿ ಎದ್ದಾಗ ಕಟ್ಟೆಯಿಂದ ಕುತ್ತಿಗೆಯವರೆಗೆ ಇರುವೆಗಳ ದಿಂಡಿ ಹೊರಟಿತ್ತು. ಮೂರನೆಯದು ಹೆಲ್ಮೆಟ್. ಪರಶಣ್ಣನಿಗೆ ಗಾಡಿ ಇಲ್ಲ. ಹೆಲ್ಮೆಟ್ಟನ್ನು ಕೇಳಿ ತಂದದ್ದು ಅರ್ಜುನನಿಂದಲೇ. ಅದನ್ನು ಹಾಕಿಕೊಂಡು ಕಟ್ಟೆಯ ಮೇಲೆ ಕೂತರೆ ಮೇಲವಂಕಿಗೆ ಹೋಗುವವರು ಇಬ್ಬರು ಬಂದು, ಹೇಗೂ ಹೊರಟಿದ್ದೀರಿ, ನಮ್ಮನ್ನೂ ಹಿಂದೆ ಕೂಡಿಸಿಕೊಳ್ಳಿ ಎಂದು ಅರ್ಧ ತಾಸು ಗಂಟು ಬಿದ್ದರು.

ನಾಲ್ಕನೆಯದು ಸುಮನ್‌ಳ ಸಲಹೆ. ಗೋಕಾಕದ ಬಜಾರಿನಿಂದ ಅಗ್ಗದ ಹೆಡ್‌ಫೋನ್ ತಂದು, ಮೊಬೈಲಿನಲ್ಲಿ ಜಲಪಾತದ ಸದ್ದು ಹಾಕಿಕೊಟ್ಟಳು. ಬೇಡದ ಸದ್ದನ್ನು ಬೇಕಾದ ಸದ್ದಿನಿಂದ ಮುಚ್ಚಬೇಕಂತೆ. ಪರಶಣ್ಣ ಕಣ್ಣು ಮುಚ್ಚಿ ಕೇಳಿದ.

“ಸುಮನ್, ಇದು ನೀರಲ್ಲವ್ವಾ. ಯಾರೋ ಬಜಿ ಕರ್ಯಾಕತ್ತಾರ.”

ನಾವೂ ಒಬ್ಬೊಬ್ಬರಾಗಿ ಹಾಕಿಕೊಂಡು ನೋಡಿದೆವು. ಖರೆ, ಬಜಿಯೇ. ಎಲ್ಲರಿಗೂ ಹಸಿವಾಯಿತು. ಸುಮನ್ ಹಟಕ್ಕೆ ಬಿದ್ದು ಧುಪದಾಳಕ್ಕೆ ಹೋಗಿ, ಒಡ್ಡಿನ ಮೇಲಿಂದ ಘಟಪ್ರಭೆ ಧುಮುಕುವ ಸದ್ದನ್ನೇ ಮೊಬೈಲಿಗೆ ತುಂಬಿಕೊಂಡು ಬಂದಳು. ಅದು ಅಪ್ಪಟ ನೀರು. ಆದರೆ ಅರವತ್ತು ದಾಟಿದ ಮನುಷ್ಯನ ಕಿವಿಗೆ ಎಡೆಬಿಡದೆ ನೀರು ಸುರಿದರೆ ಆಗುವುದೇ ಆಯಿತು. ಗಳಿಗೆಗೊಮ್ಮೆ ಹಿತ್ತಿಲಿಗೆ ಎದ್ದು ಹೋಗುವವನು ಪೇಟಿ ಯಾವಾಗ ಮಾಡಬೇಕು?

ಕೊನೆಗೆ ದಾರಿ ತೋರಿಸಿದವಳು ಗೌರವ್ವ. ಹಳೆ ಸೀರೆ, ಹಳೆ ಧೋತರಗಳ ಚಿಂದಿಯನ್ನು ಪದರು ಪದರಾಗಿ ಹೊಲಿದು ಹೊದಿಯಲು ಮಾಡುವ ಕೌದಿ ಇದೆಯಲ್ಲ, ಅಂಥದ್ದೇ ಎರಡು ಪುಟ್ಟ ಕೌದಿಗಳನ್ನು ಅಂಗೈ ಅಗಲಕ್ಕೆ, ಹನ್ನೆರಡು ಪದರಿಗೆ ಹೊಲಿದಳು. ಎರಡು ತೆಂಗಿನ ಚಿಪ್ಪಿನೊಳಗೆ ಅವನ್ನು ಕೂಡಿಸಿ, ಸುಮನ್‌ಳ ಹಳೆಯ ಹೇರ್‌ಬ್ಯಾಂಡಿನ ಎರಡು ತುದಿಗೆ ಬಿಗಿದಳು. ಮೇಲೆ ತಲೆಗೆ ಪಟಗ ಸುತ್ತಿದರೆ ಮುಗಿಯಿತು. ಖರ್ಚು ಸೂಜಿ ದಾರದ್ದು ಮಾತ್ರ. ಪರಶಣ್ಣನ ಮುಖದ ಮೇಲೆ ಒಂದು ತಿಂಗಳ ನಂತರ ನಗೆ ಕಂಡಿತು. ಗೌರವ್ವ ಎರಡು ಸಲ ಊಟಕ್ಕೆ ಕರೆದಳು, ಅವನು ಮಾಡದ ಕಡೆಗೇ ನೋಡುತ್ತ ಕೂತಿದ್ದ.

ಆದರೆ ಹೊಸ ತೊಡಕು ಹುಟ್ಟಿತು. ಅರ್ಜುನನ ಡಬ್ಬಿ ಕೇಳಿಸಲಿಲ್ಲ, ಪೇಟಿಯೂ ಕೇಳಿಸಲಿಲ್ಲ. ಆ ಯೋಚನೆಯಲ್ಲೇ ಕಿವಿಗೌದಿ ಬಿಚ್ಚದೆ ಊಟಕ್ಕೆ ಕೂತವನು ಜೋಳದ ಖಟಕ ರೊಟ್ಟಿಯ ಒಂದು ತುಂಡು ಕಡಿದ. ತಲೆಯೊಳಗೆ ಗುಡುಗಾಯಿತು! ಕಿವಿ ಮುಚ್ಚಿದರೆ ಏನಾಯಿತು, ಹಲ್ಲಿನಿಂದ ಸದ್ದು ಬರುತ್ತದೆ. ತಾಟು ಬಿಟ್ಟು ಎದ್ದು ಸಾಗವಾನಿಯ ಒಂದು ತೆಳು ಕಡ್ಡಿ ಹೆರೆದ. ಅದರ ಒಂದು ತುದಿಯನ್ನು ಪೇಟಿಯ ಪತ್ತಿ ಕೂತ ಹಲಗೆಗೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಸ್ವರ ಕಡ್ಡಿಯಲ್ಲಿ ನಡೆದುಕೊಂಡು ನೇರ ತಲೆಗೆ ಬಂತು. ಹೊರಗೆ ಧಿಡ್ ಧಿಡ್, ಒಳಗೆ ಬರಿ ಷಡ್ಜ. ಇದನ್ನೆಲ್ಲ, ಪಟಗದೊಳಗಿನ ಕೌದಿಯನ್ನೂ ಸೇರಿಸಿ, ಅವನು ಯಾರಿಗೂ ಹೇಳಲಿಲ್ಲ, ನನಗೂ ತಿಳಿದದ್ದು ಆಮೇಲೆ. ಕೆಲಸ ಮಾಡುವಾಗ ಬಾಯಲ್ಲಿ ಕಡ್ಡಿ ಇರುತ್ತಿತ್ತು, ಹೇಗೆ ಹೇಳುತ್ತಾನೆ?

ನಾನು ಕಂಡದ್ದು ಇದರ ಮೂರನೆಯ ದಿನ. ಪರಶಣ್ಣನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ನನ್ನ ಗಿರಣಿಯ ಮುಂದಿಟ್ಟ ಇಂದ್ರವ್ವನ ಜೋಳದ ಡಬ್ಬಕ್ಕೆ ಬಾಯಿ ಹಾಕಿತು. ಗೋಡೆಯ ಮೇಲಿಂದ ಕೂಗಿದೆ, “ಪರಶಣ್ಣಾ, ಎಮ್ಮಿ ಬಿಚ್ಚೇತ್ರೀ!” ಅಲುಗಾಡಲಿಲ್ಲ. ತೀರ ಹತ್ತಿರ ಹೋಗಿ, ಗಿರಣಿ ಗಂಟಲಿನಿಂದ ಇನ್ನೊಮ್ಮೆ ಕೂಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕಣ್ಣು ಮುಚ್ಚಿ, ತಲೆಗೆಲ್ಲ ಬಟ್ಟೆ ಸುತ್ತಿಕೊಂಡು, ಒಂದು ಕಡ್ಡಿಯಿಂದ ಪೇಟಿಯನ್ನು ಕಚ್ಚಿಕೊಂಡು ಕೂತಿದ್ದ. ಅರ್ಜುನನ ಸದ್ದಿಗೆ ಕಿವಿ ಹೋಯಿತು, ಕಿವಿ ಹೋದ ದುಃಖಕ್ಕೆ ತಲೆಯೂ ಹೋಯಿತು, ಈಗ ಪೇಟಿಯನ್ನು ತಿನ್ನಲು ಶುರು ಮಾಡಿದ್ದಾನೆ ಎಂದುಕೊಂಡೆ.

ಇದನ್ನು ಇಂದ್ರವ್ವನಿಗೆ ಹೇಳದೆ ಇರಲಾಗಲಿಲ್ಲ. ಅವಳ ಜೋಳ ಹೋಗಿತ್ತಲ್ಲ, ಕಾರಣ ತಿಳಿಯಬೇಕಾಗಿತ್ತು. ಗಿರಣಿ ನಡೆದಿತ್ತು, ಹಾಗಾಗಿ ಕಿರುಚಿ ಹೇಳಿದೆ. ಒಂಬತ್ತು ಮಂದಿ ಡಬ್ಬ ಇಟ್ಟುಕೊಂಡು ಸರದಿಯಲ್ಲಿ ನಿಂತಿದ್ದರು. ಸಂಜೆಗೆ ಮೇಲವಂಕಿಗೆ ಮುಟ್ಟಿತು, ಮೂರನೆಯ ದಿನಕ್ಕೆ ಮೂಡಲಗಿಗೆ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಯಾರಿಗಾದರೂ ಬೇನೆ ಬಂದರೆ, ಸುದ್ದಿ ತಿಳಿದವರೆಲ್ಲ ಹೋಗಿ ಮಾತಾಡಿಸಿಕೊಂಡು ಬರಬೇಕು. ಬರಿಗೈಯಲ್ಲಿ ಹೋಗುವಂತಿಲ್ಲ, ಒಂದು ಬಿಸ್ಕಿಟ್ ಪುಡಾ, ಇಲ್ಲವೆ ನಾಲ್ಕು ಬಾಳೆಹಣ್ಣು. ಹೋಗದಿದ್ದರೆ, “ಅಂಥಾ ಬ್ಯಾನ್ಯಾಗೂ ಮಾತಾಡಸಾಕ ಬರಲಿಲ್ಲ” ಎಂಬ ಮಾತು ಮೊಮ್ಮಕ್ಕಳ ಲಗ್ನದವರೆಗೆ ಉಳಿಯುತ್ತದೆ. ಮೊದಲ ಬಿಸ್ಕಿಟ್ ಪುಡಾ ಒಯ್ದವಳು ನಾನೇ. ನನ್ನ ಬೆನ್ನಿಗೆ ಓಣಿ ಬಂತು, ಓಣಿಯ ಬೆನ್ನಿಗೆ ಬೀಗರು ಬಂದರು. ಮಾತಾಡಿಸಲು ಬಂದವರು ಮಾತಾಡಲೇಬೇಕಲ್ಲ. ಎದುರಿಗಿರುವವನು ಕಿವುಡ, ಆದ್ದರಿಂದ ಎಲ್ಲರೂ ಕೂಗಿ ಮಾತಾಡಿದರು.

“ಯಾವಾಗಿಂದ ಕೇಳಸವಲ್ದ್ರೀ?”

“ನನಗ ಕೇಳಸ್ತೈತಿ!” ಪರಶಣ್ಣನೂ ಕೂಗುತ್ತಿದ್ದ. ಕಿವಿ ಮುಚ್ಚಿಕೊಂಡವನಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕಿವುಡರೆಲ್ಲ ಹೀಗೇ ಅನ್ನುವುದು, ಕೂಗಿಯೇ ಅನ್ನುವುದು. ಪಾಪ, ಒಪ್ಪಿಕೊಳ್ಳಲು ಮನಸ್ಸಿಲ್ಲ ಎಂದು ಇನ್ನೂ ಜೋರಾಗಿ ಸಮಾಧಾನ ಹೇಳುತ್ತಿದ್ದರು. ಒಬ್ಬನಂತೂ ಹೊಲದಲ್ಲಿ ಹಕ್ಕಿ ಓಡಿಸಲು ಇಟ್ಟುಕೊಂಡ ತಗಡಿನ ಕೊಳವೆಯನ್ನೇ ತಂದು ಅದರಲ್ಲಿ “ದೇವರ ಅದಾನ” ಎಂದು ಊದಿದ. ಪರಶಣ್ಣನ ಪಡಸಾಲೆಯ ಗದ್ದಲಕ್ಕೆ ಅರ್ಜುನನೇ ಎರಡು ಸಲ ಬಂದು ಏನಾಯಿತೆಂದು ನೋಡಿ ಹೋದ. ಇಷ್ಟು ಸದ್ದಿನಲ್ಲಿ ಪರಶಣ್ಣ ಕಿವಿಗೌದಿ ತೆಗೆಯುವುದಾದರೂ ಹೇಗೆ? ತೆಗೆಯಲಿಲ್ಲ ಎಂದೇ ಎಲ್ಲರೂ ಕಿವಿ ಪೂರ್ತಿ ಹೋಗಿದೆ ಎಂದರು. ಹದಿನೈದು ದಿನದಲ್ಲಿ ಆ ಮನೆಯಲ್ಲಿ ಬಿಸ್ಕಿಟ್ಟಿನ ಗೋಡೆಯೇ ಎದ್ದಿತು, ಎಮ್ಮೆಗೂ ಚಹಾದ ಜೊತೆ ಬಿಸ್ಕಿಟ್ ಅಭ್ಯಾಸವಾಯಿತು.

ಕೌದಿಯ ಸಂಗತಿಯನ್ನು ಗೌರವ್ವ ಹೇಳಿದಾಗ ನಂಬಿದವಳು ನಾನೊಬ್ಬಳೇ. ನಾನೂ ನಗುತ್ತಲೇ ಇದ್ದೆ, ಪೇಟಿಗಳು ವಾಪಸ್ ಹೋಗತೊಡಗುವವರೆಗೆ. ಮೊದಲು ಮೂಡಲಗಿ ಕಡೆಯ ಮಂಡಳಿಯವರು ಬಂದು, ನಿಮಗೆ ವಿಶ್ರಾಂತಿ ಬೇಕು ಎಂದು ಹೇಳಿ ತಮ್ಮ ಪೇಟಿ ಎತ್ತಿಕೊಂಡು ಹೋದರು. ಆಮೇಲೆ ಇನ್ನೆರಡು ಹೋದವು. ಹೊಸದು ಒಂದೂ ಬರಲಿಲ್ಲ. ಕಿವುಡನ ಕೈಗೆ ಪೇಟಿ ಯಾರು ಕೊಡುತ್ತಾರೆ? ಕಟ್ಟೆಯ ಮೇಲೆ ಒಂದೇ ಉಳಿಯಿತು, ಹುಕ್ಕೇರಿಯ ತಾತ್ಯಾಸಾಹೇಬರದು. ತಾತ್ಯಾಸಾಹೇಬರು ಜೈನ ವ್ಯಾಪಾರಸ್ಥರು, ಬಸದಿಯ ಭಜನೆಗೆ ಅವರ ಅಪ್ಪನ ಕಾಲದ ಜರ್ಮನ್ ಪತ್ತಿಯ ಪೇಟಿಯೇ ಆಗಬೇಕು. ಅದೊಂದು ಸರಿಯಾಗಿ ಹೊರಟರೆ ಪರಶಣ್ಣನ ಹೆಸರು ಉಳಿಯುತ್ತದೆ. ಅದನ್ನೂ ಅವರು ವಾದ್ಯ ಮಾಡುವವರ ಊರಾದ ಮೀರಜಕ್ಕೆ ಒಯ್ದರೆ ಮುಂದೆ ಈ ಸೀಮೆಯಲ್ಲಿ ಒಬ್ಬನೂ ಅವನ ಕಟ್ಟೆ ಹತ್ತುವುದಿಲ್ಲ. ಗೌರವ್ವ ಗಿರಣಿಗೆ ಬಂದು ಜೋಳದ ಡಬ್ಬ ಇಟ್ಟು ಅಲ್ಲೇ ಕೂತಳು.

“ಪೇಟಿ ಬಿಡಿಸಿದ್ರ ಅಂವಾ ಏನ ಮಾಡ್ಯಾನ? ಊಟಾ ಬಿಟ್ಟಾನ, ಮಾತ ಬಿಟ್ಟಾನ. ಖರೆ ಹೇಳ, ಈ ಸುದ್ದಿ ಯಾರ ಹಬ್ಬಿಸಿದ್ರ?”

ನಾನು ಗಿರಣಿಯ ಗುಂಡಿ ಒತ್ತಿ ಸದ್ದು ಮಾಡಿಕೊಂಡೆ. ಅಂಥ ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಅತ್ತ ಅರ್ಜುನನಿಗೂ ಬಿಸಿ ಮುಟ್ಟಿತ್ತು. ಪೇಟಿ ಮಾಸ್ತರನ ಕಿವಿ ತೆಗೆದವನು ಇವನೇ ಎಂದು ಊರಿನ ಹಿರಿಯರು ಕರೆದು ಗದರಿಸಿದ್ದರು. ಹೆಣ್ಣಿನ ಮನೆಯವರವರೆಗೂ ಮಾತು ಹೋಗಿತ್ತು. ಹೀಗಾಗಿ ಪರಶಣ್ಣನಿಗೆ ಕಿವಿ ಕೇಳಿಸಬೇಕು ಎಂಬ ಆಸೆ ಪರಶಣ್ಣನಷ್ಟೇ ಅರ್ಜುನನಿಗೂ ಇತ್ತು. ತಾತ್ಯಾಸಾಹೇಬರು ಪೇಟಿ ಒಯ್ಯಲು ಬಂದ ದಿನ ಅವರು ಬಾಯಿ ಬಿಡುವ ಮೊದಲೇ ಓಡಿ ಬಂದ. ತಾತ್ಯಾಸಾಹೇಬರು ಹೇಗೂ ಬಾಯಿ ಬಿಡುವವರಿರಲಿಲ್ಲ. ಕೂಗಿ ಮಾತಾಡುವುದು ಮರ್ಯಾದೆಯಲ್ಲವೆಂದು, “ಪೇಟಿ ಪರತ್ ಬೇಕು, ತಪ್ಪು ತಿಳಿಯಬಾರದು” ಎಂದು ಚೀಟಿ ಬರೆದುಕೊಂಡು ಬಂದಿದ್ದರು.

“ಚೀಟಿ ಇಟಗೋರ್ರಿ ಸಾವಕಾರ್ರ,” ಎಂದ ಅರ್ಜುನ. “ಎಲ್ಲಾರ ಮುಂದ ಕಾಕಾನ ಕಿವಿ ನೋಡೂನು. ನಾ ಪೇಟಿ ಒತ್ತತೇನಿ, ಕಾಕಾ ಬೆನ್ನ ಮಾಡಿ ಕುಂದರ್ತಾರ. ಯಾವ ಮನಿ ಒತ್ತಿದ್ನಿ ಅಂತ ಹೇಳಬೇಕ.”

ಅರ್ಜುನನ ಅಂಗಡಿ ಮುಚ್ಚಿತು, ನನ್ನ ಗಿರಣಿ ನಿಂತಿತು. ಓಣಿಯೆಲ್ಲ ಕಟ್ಟೆಯ ಮುಂದೆ ಸೇರಿತು. ಗೌರವ್ವ ಪಟಗ ಬಿಚ್ಚಿ ಕಿವಿಗೌದಿ ತೆಗೆದಳು. ಪರಶಣ್ಣ ಬೆನ್ನು ತಿರುಗಿಸಿ ಕೂತ.

ಅರ್ಜುನ ಪೇಟಿಯ ಒಂದು ಮನೆ, ಅಂದರೆ ಸ್ವರದ ಪಟ್ಟಿ, ಒತ್ತಿದ.

“ಕರಿ ಎರಡು,” ಎಂದ ಪರಶಣ್ಣ. “ಮಗ್ಗಲದ ಬಿಳಿ ಮನಿಗೂ ಬಟ್ಟ ತಾಗೇತಿ. ನಿನ್ನ ಕೈಬಟ್ಟ ದಪ್ಪ ಅದಾವ.”

ಜನ ಹೋ ಎಂದು ನಕ್ಕರು. ಇನ್ನೊಂದು ಒತ್ತಿದ. ಬಿಳಿ ನಾಲ್ಕು ಎಂದ, ಅದೇ ಇತ್ತು. ಮತ್ತೊಂದು ಒತ್ತಿದ. ಪರಶಣ್ಣ ತಲೆ ಓರೆ ಮಾಡಿದ.

“ನೀ ಒತ್ತೀದಿ ಖರೆ, ಗಾಳಿ ಹಾಕಿಲ್ಲ. ಬರೇ ಮನಿ ಕಟ್ ಅಂದೈತಿ. ನನಗ ಮೋಸಾ ಮಾಡತೀಯೇನಲೇ?”

ಈ ಸಲ ತಾತ್ಯಾಸಾಹೇಬರೂ ನಕ್ಕು ಚೀಟಿ ಮಡಚಿ ಕಿಸೆಗಿಟ್ಟರು. ಗೌರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗಂತೂ ಕುಣಿಯಬೇಕೆನ್ನಿಸಿತು. ಪರಶಣ್ಣ ತಿರುಗಿ ಪೇಟಿ ಮುಂದೆಳೆದುಕೊಂಡ, ಮುಖದಲ್ಲಿ ಹಳೆಯ ಠೀವಿ ಬಂದಿತ್ತು. ಎಲ್ಲಕ್ಕಿಂತ ಕಡೆಯ, ಎಲ್ಲಕ್ಕಿಂತ ಎತ್ತರದ ಸ್ವರದ ಮೇಲೆ ಬೆರಳಿಟ್ಟ.

“ಇದೊಂದ ಉಳದಿತ್ರಿ ಸಾವಕಾರ್ರ. ಇದರಾಗ ಎರಡ ಪತ್ತಿ ಅದಾವ, ಎರಡೂ ಕೂಡಿ ಒಂದ ಆಗಬೇಕ. ಅರ್ಜುನಾ, ನೀನೂ ಸೌಂಡಿನಾಂವ. ಕಿವಿ ಇಟ್ಟ ಕೇಳು, ಕೂಡ್ಯಾವೋ ಇಲ್ಲೋ ನೀನ ಹೇಳು.”

ಅದು ದೊಡ್ಡ ಮರ್ಯಾದೆ. ಅರ್ಜುನ ಹಿಗ್ಗಿ, ಮೊಣಕಾಲೂರಿ ಕೂತು, ಪೇಟಿಯ ಹತ್ತಿರ ಕಿವಿ ತಂದ. ಪರಶಣ್ಣ ಮೆಲ್ಲಗೆ ಗಾಳಿ ಹಾಕಿದ. ಕೂದಲೆಳೆಯಷ್ಟು ತೆಳ್ಳಗಿನ ಸ್ವರ ಎದ್ದಿತು. ಕಟ್ಟೆಯ ಹತ್ತಿರ ನಿಂತಿದ್ದ ನನಗೆ ಕೇಳಿಸಿತು, ಗೌರವ್ವನಿಗೆ ಕೇಳಿಸಿತು, ಎಪ್ಪತ್ತು ದಾಟಿದ ತಾತ್ಯಾಸಾಹೇಬರಿಗೂ ಕೇಳಿಸಿತು, ಅವರು ತಲೆದೂಗಿದರು.

ಅರ್ಜುನ ನಗುಮುಖದಿಂದ ಕಾಯುತ್ತಿದ್ದ.

“ಹೂಂ ಕಾಕಾ, ಬಾರಸ್ರಿ,” ಎಂದ.

ಸ್ವರ ನಡೆದೇ ಇತ್ತು. ಪರಶಣ್ಣ ಅವನ ಮುಖ ನೋಡಿದ. ಗಾಳಿ ಸ್ವಲ್ಪ ಹೆಚ್ಚು ಹಾಕಿದ. ಅರ್ಜುನ ಕಿವಿಯನ್ನು ಪೇಟಿಗೆ ತಾಗಿಸಿಯೇ ಬಿಟ್ಟ.

“ಬಾರಸ್ರೆಲ್ಲ, ಯಾಕ ನಿಂತ್ರಿ?”

ಆಗ ನನಗೆ ಹೊಳೆಯಿತು. ‘ನನಗ ಕೇಳಸೂದ ಇಲ್ಲ’ ಎಂ‍ದು ಅವನು ಗುಂಡಿ ಎಳ್ಳಷ್ಟು ತಿರುಗಿಸಿದ್ದು ಉದ್ಧಟತನವಲ್ಲ, ಪಾಪ, ನಿಜ. ಇಪ್ಪತ್ತಾರರ ಗಂಡಸು, ಮುಂದಿನ ತಿಂಗಳು ಹೆಣ್ಣಿನವರು ಬರುವವರಿದ್ದಾರೆ, ಇಡೀ ಓಣಿ ಮುಂದೆ ನಿಂತಿದೆ. ಇನ್ನೊಂದು ಗಳಿಗೆ ಹೋದರೆ ಎಲ್ಲರಿಗೂ ತಿಳಿಯುತ್ತಿತ್ತು. ಪರಶಣ್ಣ ಪೇಟಿಯ ಗಾಳಿಯನ್ನು ತಟ್ಟನೆ ನಿಲ್ಲಿಸಿದ.

“ಪತ್ತಿ ಹಿಡದೈತಿ ನೋಡೋ,” ಎಂದು ದೊಡ್ಡದಾಗಿ ಹೇಳಿದ. “ಧೂಳ ಕುಂತಂಗ ಐತಿ. ಸ್ವರಾನ ಏಳವಲ್ದು.”

ಹಿಂದೆ ನಿಂತವರಿಗೆ ಆ ತೆಳು ಸ್ವರ ಮೊದಲೇ ಮುಟ್ಟಿರಲಿಲ್ಲ. ಮುಂದೆ ನಿಂತ ಕೆಲವರಿಗೆ ಮುಟ್ಟಿತ್ತು, ಅವರು ಮುಖ ಮುಖ ನೋಡಿಕೊಂಡರು. “ನಾ ಹೇಳಿದ್ನಿಲ್ಲ?” ಎಂದಳು ಇಂದ್ರವ್ವ. “ಸ್ವರಾ ಎದ್ದೈತಿ, ಮಾಸ್ತರಗ ಕೇಳಸವಲ್ದು. ದಪ್ಪ ಸ್ವರಾ ಅಷ್ಟ ಕೇಳಸ್ತಾವ.” ಅಯ್ಯೋ ಪಾಪ ಎಂಬ ಗುಜುಗುಜು ಎದ್ದಿತು. ಈಗಷ್ಟೇ ಗೆದ್ದ ಹೆಸರು ಕಣ್ಣೆದುರೇ ಕರಗುತ್ತಿತ್ತು. ನಾನು ಬಾಯಿ ತೆರೆದೆ. ಪರಶಣ್ಣ ನನ್ನ ಕಡೆ ಒಮ್ಮೆ ನೋಡಿದ. ಆ ನೋಟಕ್ಕೆ ನನ್ನ ಬಾಯಿ ತಾನಾಗಿ ಮುಚ್ಚಿತು, ಗಿರಣಿ ಹಾಕಿದ ಇಪ್ಪತ್ತು ವರ್ಷದಲ್ಲಿ ಅದು ಮೊದಲ ಸಲ.

ತಾತ್ಯಾಸಾಹೇಬರು ಪರಶಣ್ಣನನ್ನು ನೋಡಿದರು, ಅರ್ಜುನನನ್ನು ನೋಡಿದರು. ವ್ಯಾಪಾರಸ್ಥರು, ಮನುಷ್ಯರನ್ನು ತೂಗಿ ನೋಡಿದವರು.

“ಧೂಳ ತಗೀರಿ ಮಾಸ್ತರ್ರ,” ಎಂದರು. “ಅವಸರಿಲ್ಲ. ಪೇಟಿ ಇಲ್ಲೇ ಇರ್ಲಿ. ನಮ್ಮ ಬಸದೀದು ಇನ್ನೊಂದ ಐತಿ, ಅದನ್ನೂ ಕಳಸ್ತೇನಿ.”

ಪರಶಣ್ಣ ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಅರ್ಜುನನಿಗೆ ಹೇಳಿದ, “ನನ್ನ ಕಿವ್ಯಾಗ ಒಂದೀಟ ಫರಕ ಆಗೇತಿ. ನಿನ್ನ ಸದ್ದಿಂದನ ಆಗೇತಿ. ನಾಳೆ ಗೋಕಾಕದಾಗ ಡಾಕ್ಟರಗ ತೋರಸಾಕ ನೀನ ಕರಕೊಂಡ ಹೋಗಬೇಕ.”

“ಆತ್ರಿ ಕಾಕಾ,” ಎಂದು ಅರ್ಜುನ ತಲೆ ತಗ್ಗಿಸಿದ. ತನ್ನಿಂದ ಒಬ್ಬ ಮುದುಕನ ಕಿವಿ ಹೋಯಿತಲ್ಲ ಎಂದು ಅವನ ಕಣ್ಣಲ್ಲಿ ನೀರಿತ್ತು.

ಮರುದಿನ ಇಬ್ಬರೂ ಅರ್ಜುನನ ಗಾಡಿಯ ಮೇಲೆ ಹೋದರು. ಅಲ್ಲಿ ನಡೆದದ್ದನ್ನು ತಿಂಗಳಾದ ಮೇಲೆ ಅರ್ಜುನನೇ ನನ್ನ ಗಿರಣಿಯಲ್ಲಿ ಚೀಲದ ಮೇಲೆ ಕೂತು ಹೇಳಿದ. ಹೆಣ್ಣಿನವರಿಗೂ ನಾನೇ ಹೇಳಿದ್ದೇನೆ, ಅವರು ಒಪ್ಪಿದ್ದಾರೆ, ಇನ್ನು ನೀವು ಯಾರಿಗೆ ಹೇಳಿದರೂ ಅಡ್ಡಿಯಿಲ್ಲ ಎಂದ. ದವಾಖಾನೆಯಲ್ಲಿ ಪರಶಣ್ಣ ಕಿಟಕಿಗೆ ಹೋಗಿ ಹೆಸರು ಬರೆಸಿ ಬಂದು ಪಕ್ಕದಲ್ಲಿ ಕೂತನಂತೆ. ತುಂಬ ಹೊತ್ತಾಯಿತು. ಅರ್ಜುನ ಬಾಗಿಲನ್ನೇ ನೋಡುತ್ತ, ಕಾಕಾನ ಹೆಸರನ್ನು ಯಾವಾಗ ಕೂಗುತ್ತಾರೋ ಎಂದು ಕಾಯುತ್ತಿದ್ದ. ಆಗ ಪರಶಣ್ಣ ಮೆಲ್ಲಗೆ ಅವನ ತೊಡೆ ತಟ್ಟಿದ.

“ಏಳಪಾ ಅರ್ಜುನಾ. ಆ ನರ್ಸವ್ವ ಮೂರ ಸಲ ನಿನ್ನ ಹೆಸರ ಕರದ್ಲು.”